ಬುಟ್ಟಿಯಲ್ಲಿಟ್ಟ ಅಂಚುಗಳು

ಮುರಿದ ಎಳೆಯ ಮೇಲೆ ಎಂದೂ ಮುನಿಯದವಳು. ಬೆಳಗಿನ ಮೊದಲ ಕೆಲಸ ಅಂಗಳಕ್ಕೆ ನೀರು, ಎರಡನೆಯದು ನೆರೆಯವರ ಯೋಗಕ್ಷೇಮ ಎಂದು ಬಗೆದವಳು. ತನ್ನ ಮನೆಯ ಹಾಲು ಒಡೆದಾಗ ನಕ್ಕು, ನೆರೆಮನೆಯ ಹಾಲು ಒಡೆದಾಗ ತನ್ನ ಚೊಂಬನ್ನು ಕಳಿಸಿಕೊಟ್ಟವಳು. ಬೈಯಬೇಕಾದವರನ್ನು ಎದುರಿಗೇ ಬೈದು, ಹೊಗಳಬೇಕಾದವರನ್ನು ಬೆನ್ನ ಹಿಂದೆ ಹೊಗಳಿದವಳು. ಕೆಲಸ ಮುಗಿಯಿತೆಂಬ ಕಾರಣಕ್ಕೆ ಯಾವ ವಸ್ತುವನ್ನೂ ಬಿಸುಡದವಳು. ಗೊತ್ತಿಲ್ಲದುದನ್ನು ಗೊತ್ತಿಲ್ಲವೆನ್ನಲು ನಾಚದವಳು, ಗೊತ್ತಾದುದನ್ನು ಕಲಿಸಲು ಬೇಸರಿಸದವಳು. ಒಮ್ಮೆ ‘ಬೇಡ’ ಎಂದಳಾದರೆ ಅದನ್ನು ‘ಬೇಕು’ ಎನ್ನಿಸಲು ನುಂಕೆಮಲೆಯ ಬಂಡೆಗಳೇ ಉರುಳಿಬಂದು ಬೇಡಿಕೊಳ್ಳಬೇಕು ಎಂಬಂಥವಳು. ಇಷ್ಟೊಂದು ಗುಣಗಳು ಒಂದೇ ಒಡಲಿನಲ್ಲಿ ಇಕ್ಕಟ್ಟಿಲ್ಲದೆ ನೆಲೆಸುವುದುಂಟೆ ಎಂದು ಕೇಳುವವರು ಮೊಳಕಾಲ್ಮೂರಿನ ನೇಕಾರರ ಬೀದಿಗೆ ಬಂದು ಹುಚ್ಚಕ್ಕನನ್ನು ನೋಡಬೇಕು.

ಹೆಸರು ಆಕೆಯ ಅಜ್ಜಿಯದು. ಹುಟ್ಟಿದ್ದು ದೇವಸಮುದ್ರದ ಕಡೆ, ಹೊಲದ ಕೂಲಿಯನ್ನೇ ನಂಬಿದ ಮನೆಯಲ್ಲಿ. ಶೇಂಗಾ ಕೀಳುವ ಕಾಲದಲ್ಲಿ ಅವ್ವನ ಹಿಂದೆ ಸಾಲು ಹಿಡಿದು ನಡೆಯುವಾಗಲೇ ಆಕೆಯ ಕಣ್ಣು ಒಂದು ಸೋಜಿಗವನ್ನು ಕಂಡಿತ್ತು: ಈ ಗಿಡ ಮಣ್ಣಿನ ಮೇಲೆ ಹಳದಿ ಹೂವಾಗುತ್ತದೆ, ಮಣ್ಣಿನ ಕೆಳಗೆ ಕಾಯಾಗುತ್ತದೆ. ಹೂವು ಕಂಡವನಿಗೆ ಕಾಯಿ ಕಾಣದು. ಮುಂದೆ ಹನುಮಂತರಾಜು ಎಂಬ ನೇಕಾರನ ಕೈಹಿಡಿದು ಮೊಳಕಾಲ್ಮೂರಿಗೆ ಬಂದಾಗ ಈ ಸೋಜಿಗವೂ ಆಕೆಯ ಸೆರಗಿನಲ್ಲೇ ಬಂದಿತು.

ಗಂಡನ ಮನೆಯಲ್ಲಿ ಅತ್ತೆ ಕಲಿಸಿದ ವಿದ್ಯೆ ಕೆಚ್ಚುವುದು. ಅದನ್ನು ಅರಿಯದವರಿಗಾಗಿ ಇಷ್ಟು ಹೇಳಬೇಕು. ಮಗ್ಗದ ಮೇಲೆ ಉದ್ದಕ್ಕೆ ಹರಡಿದ ಎಳೆಗಳ ಸಮೂಹಕ್ಕೆ ಹಾಸು ಎಂದು ಹೆಸರು. ಒಂದು ಹಾಸು ನೇಯ್ದು ಮುಗಿಯುತ್ತ ಬಂದಾಗ ಅದರ ತುದಿಯನ್ನು ನೇಯದೆ ಹಾಗೆಯೇ ಉಳಿಸುತ್ತಾರೆ. ಹೊಸ ಹಾಸು ಬಂದೊಡನೆ, ಬೂದಿ ಮುಟ್ಟಿದ ಬೆರಳುಗಳಿಂದ, ಹಳೆಯದರ ಒಂದೊಂದು ಎಳೆಗೂ ಹೊಸದರ ಒಂದೊಂದು ಎಳೆಯನ್ನು ಹೊಸೆದು ಸೇರಿಸುತ್ತಾರೆ. ಎಳೆಗಳು ಸಾವಿರಾರು, ತಪ್ಪಲು ಒಂದು ಸಾಕು. ಹಳೆಯದು ಹೊಸದನ್ನು ಕೈಹಿಡಿದು ಮಗ್ಗದೊಳಕ್ಕೆ ಕರೆತರುತ್ತದೆ. ಹೊಸ ಹಾಸಿನಲ್ಲಿ ಒಂದು ಗೇಣು ಬಟ್ಟೆ ಕಾಣುವ ತನಕ ಹಳೆಯದಕ್ಕೆ ಕತ್ತರಿ ತಾಗಿಸುವಂತಿಲ್ಲ. ಬೀದಿಯ ಯಾವ ಮನೆಯಲ್ಲೂ ಈ ಕಟ್ಟಳೆಯನ್ನು ಮೀರಿದವರಿಲ್ಲ.

ಕೆಚ್ಚುವವಳ ಪಕ್ಕದಲ್ಲಿ ಒಂದು ಬಿದಿರಿನ ಬುಟ್ಟಿ. ತುಂಡಾದ ರೇಷ್ಮೆ, ಉಳಿದ ಜರಿ, ಗಿಡ್ಡ ಎಳೆಗಳೆಲ್ಲ ಅದರೊಳಗೆ. ಹಾಸಿನ ನಡುವೆ ಎಳೆ ಹರಿದಾಗ ಜೋಡಿಸಲು ತುಂಡು ಸಿಗುವುದು ಅಲ್ಲಿಂದಲೇ. ಆದ್ದರಿಂದ ಮಗ್ಗದ ಮನೆಯಲ್ಲಿ ದೇವರ ಗೂಡಿನ ನಂತರದ ಮರ್ಯಾದೆ ಬುಟ್ಟಿಯದು. ಆಟದ ಭರದಲ್ಲಿ ಶೇಂಗಾ ಸಿಪ್ಪೆಯನ್ನು ಬುಟ್ಟಿಗೆ ಎಸೆದ ಮಕ್ಕಳಿಗೆ ಹುಚ್ಚಕ್ಕನ ಅತ್ತೆ ಕೊಡುತ್ತಿದ್ದ ಏಟಿನ ಸದ್ದು ಬೀದಿಯ ತುದಿಗೆ ಕೇಳುತ್ತಿತ್ತಂತೆ.

ಹೀಗಿರಲು ನೇಕಾರರ ಸಂಘಕ್ಕೆ ಒಂದು ಕಂಪ್ಯೂಟರ್ ಬಂದಿತು. ಸೀರೆಯ ಅಂಚಿನ ಚಿತ್ತಾರ ಮೂಡಬೇಕಾದರೆ ಮಗ್ಗದ ಮೇಲೆ ತೂತು ಕೊರೆದ ರಟ್ಟುಗಳ ಸರ ತೂಗಬೇಕು. ಆ ರಟ್ಟುಗಳನ್ನು ಕೊರೆಯುವ ಕಾರ್ಖಾನೆ ದೂರದ ಊರಿನಲ್ಲಿದ್ದು, ಇನ್ನು ಮುಂದೆ ಚಿತ್ತಾರಗಳನ್ನು ಅಂಚೆಯಲ್ಲಿ ಕಳಿಸಬೇಡಿ, ಇ-ಮೇಲಿನಲ್ಲಿ ಕಳಿಸಿ ಎಂದಿತ್ತು. ಸಂಘದ ಅಧ್ಯಕ್ಷರಾದ ಜಂಬುಲಿಂಗಪ್ಪನವರು ಸಭೆ ಸೇರಿಸಿದರು.

“ಯಾರು ಕಲೀತೀರಪ್ಪ ಇದನ್ನ?”

ಬೀದಿಯ ವಿನೋದಗಾರನಾದ ಪಾಲಣ್ಣ ಎದ್ದು ನಿಂತ.

“ಯಜಮಾನ್ರೆ, ನಮ್ಮ ಕೈಕಾಲು ಎರಡೂ ಮಗ್ಗದಾಗೆ ಅವೆ. ಇದಕ್ಕೆ ಕಾಲಲ್ಲಿ ತುಳಿಯೋದು ಏನಾರ ಐತಾ? ಇದ್ರೆ ನಾನು ಬರ್ತೀನಿ.”

“ತಲೆಯಾಗೆ ತುಳಿಯೋದು ಐತಂತೆ, ನಿನಗೆ ಆಗಲ್ಲ ಕೂತ್ಕೊ,” ಎಂದಳು ಬಾಗಿಲಲ್ಲಿ ನಿಂತಿದ್ದ ಹುಚ್ಚಕ್ಕ.

“ಹಂಗಾರೆ ನೀನೇ ಕಲಿಯವ್ವ,” ಎಂದರು ಜಂಬುಲಿಂಗಪ್ಪನವರು. “ಎಸ್ಸೆಸ್ಸೆಲ್ಸಿ ಓದೀಯ. ಸಾವಿರ ಎಳೆಯಾಗೆ ತಪ್ಪಿದ್ದು ಯಾವುದು ಅಂತ ಕಣ್ಣು ಮುಚ್ಚಿ ಹಿಡೀತೀಯ. ಇದರಾಗೆ ಅಷ್ಟು ಗುಂಡಿ ಇಲ್ಲ.”

ಸಭೆ ನಕ್ಕಿತು; ಹುಚ್ಚಕ್ಕ ನಗಲಿಲ್ಲ. ಮರುದಿನ ಕೈತೊಳೆದು, ಹಣೆಗೆ ವಿಭೂತಿ ಇಟ್ಟುಕೊಂಡು, ಆ ಯಂತ್ರದ ಮುಂದೆ ಮಣೆ ಹಾಕಲು ನೋಡಿ, ಅದು ಮೇಜಿನ ಮೇಲಿದೆ ಎಂಬುದು ಹೊಳೆದು, ಕುರ್ಚಿಯಲ್ಲಿ ಕುಳಿತಳು.

ಕಲಿಸಲು ಬಂದವನು ಒಂದೇ ದಿನ ಇದ್ದ. ಪತ್ರ ಬರೆಯುವುದು, ಚಿತ್ರ ಸೇರಿಸುವುದು, ಬಂದ ಪತ್ರ ತೆರೆಯುವುದು, ಇಷ್ಟನ್ನು ತೋರಿಸಿದ. ಆ ಇ-ಮೇಲ್ ತಂತ್ರಾಂಶದ ರೀತಿಯೇ ಈಗಿನದಕ್ಕಿಂತ ಬೇರೆ. ಅದು ಪತ್ರಗಳನ್ನು ದೂರದ ಉಗ್ರಾಣದಿಂದ ಇಳಿಸಿಕೊಂಡು, ಅಲ್ಲಿ ಒಂದನ್ನೂ ಉಳಿಸದೆ, ಎಲ್ಲವನ್ನೂ ಸಂಘದ ಕಂಪ್ಯೂಟರಿನ ಹೊಟ್ಟೆಯಲ್ಲೇ ಇರಿಸಿಕೊಳ್ಳುತ್ತಿತ್ತು. ಪರದೆಯ ಎಡಬದಿಯಲ್ಲಿ ಕೆಲವು ಚಿತ್ರಗಳಿದ್ದವು. ಹುಚ್ಚಕ್ಕ ಒಂದೊಂದನ್ನೂ ಕೇಳುತ್ತ ಹೋದಳು. ಕೆಳಗಿನ ಒಂದರ ಮೇಲೆ ಬೆರಳಿಟ್ಟು, “ಇದು ಬುಟ್ಟಿ ಅಲ್ವೇನಪ್ಪ?” ಎಂದಳು. ಬಸ್ಸಿಗೆ ಹೊತ್ತಾಗಿದ್ದ ಆತ, “ಹೌದಮ್ಮ, ಬುಟ್ಟೀನೇ,” ಎಂದು ಚೀಲ ಹೆಗಲಿಗೇರಿಸಿದ.

ಹುಚ್ಚಕ್ಕನಿಗೆ ಮತ್ತೆ ಕೇಳಲು ಏನೂ ಉಳಿಯಲಿಲ್ಲ. ಬುಟ್ಟಿ ಎಂದರೆ ಏನೆಂದು ಆಕೆಗೆ ಗೊತ್ತು. ಕಾರ್ಖಾನೆಯವರು ಚಿತ್ತಾರವನ್ನು ಚೌಕಳಿಗಳಲ್ಲಿ ತಿದ್ದಿ ಒಪ್ಪಿಗೆಗೆ ಕಳಿಸುತ್ತಿದ್ದರು. ಒಪ್ಪಿಗೆಯಾದ ಪ್ರತಿಯೊಂದನ್ನೂ, ಮುಂದೆ ಎಂದಾದರೂ ಬೇಕಾದೀತೆಂದು, ಆಕೆ ಅತ್ಯಂತ ಜೋಪಾನದಿಂದ ಎಳೆದು ಬುಟ್ಟಿಗೆ ಹಾಕುತ್ತಿದ್ದಳು. ಇನ್‌ಬಾಕ್ಸಿನಲ್ಲಿ ಸೀಗೆಪುಡಿಯ ಜಾಹೀರಾತು, ಹಬ್ಬದ ಶುಭಾಶಯ. ಬುಟ್ಟಿಯಲ್ಲಿ ಬೀದಿಯ ಸಕಲ ಐಶ್ವರ್ಯ: ಹಂಸದ ಸಾಲು, ಮಾವಿನ ಮಿಡಿ, ಗೋಪುರದ ಅಂಚು, ಗಂಡುಬೇರುಂಡ. ಅವುಗಳ ನಡುವೆ ಆಕೆಯೇ ಮನಸ್ಸಿನಲ್ಲಿ ಕಂಡು ಹನುಮಂತರಾಜುವಿನ ಕೈಯಲ್ಲಿ ಬರೆಯಿಸಿದ ಒಂದು ಚಿತ್ತಾರವೂ ಇತ್ತು. ನಡುವೆ ಒಂದು ಗೆರೆ, ಗೆರೆಯ ಮೇಲೆ ಹಳದಿ ಹೂ, ಗೆರೆಯ ಕೆಳಗೆ ಜರಿಯ ಕಾಯಿ. ಅದಕ್ಕೆ ಶೇಂಗಾಬಳ್ಳಿ ಎಂದು ಹೆಸರಿಟ್ಟಿದ್ದಳು.

ಆ ತಂತ್ರಾಂಶಕ್ಕೆ ಒಂದು ಚಾಳಿ. ಆಗಾಗ ಪರದೆಯ ನಡುವೆ ಒಂದು ಪ್ರಶ್ನೆಯನ್ನು ಮುಂದಿಡುತ್ತಿತ್ತು: ಪತ್ರಗಳನ್ನು ಒತ್ತಿ ಅಡಕ ಮಾಡಿ ಜಾಗ ಉಳಿಸಲೇ? ಹುಚ್ಚಕ್ಕ ಇಂಗ್ಲಿಷ್ ಅಕ್ಷರ ಕೂಡಿಸಿ ಓದಿ, ಅರ್ಥ ಮಾಡಿಕೊಂಡು, ಮೊದಲ ದಿನವೇ ‘ಬೇಡ’ ಒತ್ತಿದಳು. ಜಾಗ ಉಳಿಸಲೆಂದು ಹಾಸಿನ ತುದಿಯನ್ನು ಕತ್ತರಿಸಿ ಒತ್ತಿಡುವವರನ್ನು ಆಕೆ ಕಂಡವಳಲ್ಲ. ಅದು ಮತ್ತೆ ಕೇಳಿತು. ಈಕೆ ಮತ್ತೆ ಬೇಡವೆಂದಳು. ವರ್ಷಗಳುದ್ದಕ್ಕೂ ಯಂತ್ರ ಕೇಳುವುದೂ ಹುಚ್ಚಕ್ಕ ನಿರಾಕರಿಸುವುದೂ ನಡೆದೇ ಇತ್ತು.

ಕಾಲ ಸರಿಯಿತು. ಹುಚ್ಚಕ್ಕನ ಕೂದಲು ಬೆಳ್ಳಗಾಯಿತು, ಕಂಪ್ಯೂಟರಿನ ಬಿಳಿ ಮೈ ಹಳದಿಯಾಯಿತು. ಒಂದು ದಿನ ಇ-ಮೇಲ್ ಕಂಪನಿಯಿಂದ ಸೂಚನೆ ಬಂದಿತು: ಬರುವ ತಿಂಗಳಿನಿಂದ ಇಂಥ ಹಳೆಯ ತಂತ್ರಾಂಶಗಳಿಗೆ ಒಳಗೆ ಬಿಡುವುದಿಲ್ಲ, ಹೊಸದಕ್ಕೆ ಸಾಗಿರಿ. ಅದೇ ವಾರ ಪಾಲಣ್ಣನ ಮನೆಯ ಅಟ್ಟದಲ್ಲಿ ಇಲಿಗಳು ರಟ್ಟಿನ ಸರವೊಂದನ್ನು ಕಡಿದು ಚೂರು ಮಾಡಿದವು. ಅದು ಶೇಂಗಾಬಳ್ಳಿಯ ಸರ. ಪಾಲಣ್ಣನ ಹಿರಿಮಗಳು ಆ ಅಂಚಿನ ಸೀರೆಯುಟ್ಟು ಹಸೆಮಣೆ ಏರಿದ್ದಳು. ಈಗ ಕಿರಿಮಗಳ ಮದುವೆ ಗೊತ್ತಾಗಿತ್ತು. ತನಗೂ ಅಕ್ಕನ ಅಂಚೇ ಬೇಕೆಂದು ಅವಳು ಹಟ ಹಿಡಿದಿದ್ದಳು. ಹಾಸು ಕೆಚ್ಚಿ ಸಿದ್ಧವಾಗಿತ್ತು. ಕಾರ್ಖಾನೆಯಲ್ಲಿ ಕೇಳಿದರೆ, ಒಡೆಯರು ಬದಲಾಗಿದ್ದಾರೆ, ಹಿಂದಿನದು ನಮ್ಮಲ್ಲಿಲ್ಲ, ನೀವೇ ಚಿತ್ತಾರ ಕಳಿಸಿ ಎಂದರು. ಅಕ್ಕನ ಸೀರೆಯನ್ನು ಮುಂದಿಟ್ಟುಕೊಂಡು ಎಳೆ ಎಣಿಸಿ ಹೊಸದಾಗಿ ಬರೆಯಬಹುದಿತ್ತು; ಅದು ಮುಗಿಯುವ ಹೊತ್ತಿಗೆ ಮದುಮಗಳ ಮಗುವಿಗೆ ತೊಟ್ಟಿಲು ಕಟ್ಟುವ ಕಾಲ ಬಂದಿರುತ್ತಿತ್ತು. ಮಿಕ್ಕ ಚಿತ್ತಾರಗಳ ಸೀರೆಗಳಂತೂ ಎಲ್ಲೆಲ್ಲಿಗೋ ಮಾರಾಟವಾಗಿ ಹೋಗಿದ್ದವು.

“ಹೆದರಬ್ಯಾಡ ಕಣಲೇ ಪಾಲಣ್ಣ,” ಎಂದಳು ಹುಚ್ಚಕ್ಕ. “ನಂತಾವ ಬುಟ್ಟ್ಯಾಗೆ ಐತೆ. ಹೊಸ ಕಂಪ್ಯೂಟರಿಗೆ ಸಾಗಿಸಿದ ತಕ್ಷಣ ಮೊದಲು ನಿಂದೇ ಕಳಿಸ್ತೀನಿ.”

ಸಾಗಿಸುವ ಕೆಲಸಕ್ಕೆ ಚಳ್ಳಕೆರೆಯಿಂದ ಮೆಹಜಬೀನ್ ಬರುವುದೆಂದಾಯಿತು. ಅವಳ ತಂದೆ ಬಾಬಾ ಜಾನ್ ಚಳ್ಳಕೆರೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರೇಡಿಯೊ ರಿಪೇರಿಯಿಂದ ಆರಂಭಿಸಿ, ಟಿ.ವಿ.ಗೆ ಬಂದು, ಕಂಪ್ಯೂಟರನ್ನು ಮಗಳಿಗೆ ಬಿಟ್ಟವರು. ಮಗಳು ಆ ಅಂಗಡಿಯನ್ನು ತಾಲ್ಲೂಕಿನಲ್ಲೆಲ್ಲ ಹೆಸರಾಗಿಸಿದ್ದಳು.

ಅವಳು ಬರುವ ದಿನ ಸಂಘದ ಮುಂದೆ ರಂಗೋಲಿ ಬಿದ್ದಿತ್ತು. ಹೊಸ ಕಂಪ್ಯೂಟರಿನ ಡಬ್ಬಿಗೆ ಕುಂಕುಮ ಹಚ್ಚಿದ್ದರು. ಜಂಬುಲಿಂಗಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ತಳುಕು, ಹಾನಗಲ್ ದಾಟಿ ಬಂದ ಬಸ್ಸಿನಿಂದ ಮೆಹಜಬೀನ್ ಇಳಿದಾಗ ಅವಳ ಚೀಲ ಹೊರಲು ನಾಲ್ವರು ಮುಂದಾದರು.

“ಅಯ್ಯೋ, ನಾನೇನು ಮದುವಣಗಿತ್ತಿನಾ, ಬಿಡ್ರಿ,” ಎಂದು ನಕ್ಕಳು ಅವಳು.

“ಮದುವಣಗಿತ್ತಿ ನಮ್ಮನ್ಯಾಗೆ ಅವಳೆ,” ಎಂದ ಪಾಲಣ್ಣ. “ನೀನು ಅವಳ ಸೀರೆ ಹೊತ್ಕೊಂಡು ಬಂದಿರೋಳು ತಾಯಿ.”

ಅವಳು ಹೊಸ ಯಂತ್ರವನ್ನು ಹಳೆಯದರ ಪಕ್ಕದಲ್ಲೇ ಇರಿಸಿ, ಎರಡಕ್ಕೂ ತಂತಿ ಜೋಡಿಸಿ, ಹಳೆಯದರ ಒಳಗನ್ನು ನೋಡತೊಡಗಿದಳು. ನೋಡುತ್ತಲೇ ಹುಬ್ಬು ಗಂಟಿಕ್ಕಿತು.

“ಅಮ್ಮ, ಇದೊಂದು ವಿಚಿತ್ರ ಐತ್ರಿ. ಇನ್‌ಬಾಕ್ಸಿನಾಗೆ ಕಾಣಿಸೋದು ಒಂದು ಹಿಡಿ ಪತ್ರ. ಆದ್ರೆ ಆ ಫೈಲಿನ ತೂಕ ನೋಡಿದ್ರೆ ಒಂದು ಲಾರಿ ಲೋಡು!”

“ನಮ್ಮ ಪಾಲಣ್ಣನ ಹಂಗೆ. ತಿನ್ನೋದು ಯಾರಿಗೂ ಕಾಣಲ್ಲ, ಹೊಟ್ಟೆ ಮಾತ್ರ ಕಾಣ್ತೈತೆ,” ಎಂದು ಹೇಳಿ, ಹುಚ್ಚಕ್ಕ ಬಂದವಳಿಗೆ ಮಂಡಕ್ಕಿ, ಮೆಣಸಿನಕಾಯಿ ತರಲು ಎದ್ದು ಹೋದಳು.

ಈ ಮಧ್ಯೆ ಮೆಹಜಬೀನ್ ಪ್ರತಿ ಕಚೇರಿಯಲ್ಲೂ ಮಾಡುವ ಒಂದು ಕೆಲಸವನ್ನು ಇಲ್ಲಿಯೂ ಮಾಡಿದಳು. ಮನೆ ಬದಲಾಯಿಸುವವರು ಕಸವನ್ನು ಗಾಡಿಗೆ ಹೇರುವುದಿಲ್ಲ. ಅವಳು ಎಡಬದಿಯ ಬುಟ್ಟಿಯ ಚಿತ್ರದ ಮೇಲೆ ಮೌಸ್ ಒತ್ತಿ, ಖಾಲಿ ಮಾಡು ಎಂದಳು. ಖಚಿತವೇ ಎಂದು ಕೇಳಿತು. ಖಚಿತ ಎಂದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಬುಟ್ಟಿ ಬರಿದಾಯಿತು.

ಹುಚ್ಚಕ್ಕ ಬಿಸಿಬಿಸಿ ಪೊಟ್ಟಣ ಹಿಡಿದು ಒಳಗೆ ಕಾಲಿಟ್ಟವಳೇ ಕೇಳಿದ್ದು ಒಂದೇ.

“ಬುಟ್ಟಿ ದಾಟ್ತೇನವ್ವ?”

“ಬುಟ್ಟೀನಾ? ಅದನ್ನ ಖಾಲಿ ಮಾಡಿದೆ ಅಮ್ಮ. ತೂಕ ಕಡಿಮೆ ಆಗ್ಲಿ ಅಂತ.”

ಹುಚ್ಚಕ್ಕನ ಕೈಯ ಪೊಟ್ಟಣ ಮೇಜಿನ ಮೇಲೆ ಬಿದ್ದು ಮಂಡಕ್ಕಿ ಚೆಲ್ಲಾಡಿತು.

“ಖಾಲಿ ಮಾಡಿದೆ ಅಂದ್ರೆ?”

“ಅಳಿಸಿದ ಪತ್ರ ಹೋಗಿ ಬೀಳೋ ಜಾಗ ಅಲ್ವೇನ್ರಿ ಅದು? ಕಸ…”

“ಕಸ ಅಂತ ಯಾರು ಹೇಳಿದ್ರು ನಿನಗೆ? ಮಗ್ಗದ ಮನೆ ಬುಟ್ಟ್ಯಾಗೆ ಯಾರಾದ್ರೂ ಕಸ ಹಾಕ್ತಾರೇನೇ ತಾಯಿ? ನಮ್ಮ ಬೀದಿ ಅಂಚೆಲ್ಲ ಅದರಾಗೇ ಇಟ್ಟಿದ್ದೆ ಕಣವ್ವ, ಒಂದೊಂದು ಎಳೆ ಎತ್ತಿಡೋ ಹಂಗೆ ಇಟ್ಟಿದ್ದೆ!”

ಅಳಿಸಿದವುಗಳ ತೊಟ್ಟಿಯಲ್ಲಿ ತಮ್ಮ ಸರ್ವಸ್ವವನ್ನು ಜೋಪಾನ ಮಾಡುವವರು ಈ ಭೂಮಿಯ ಮೇಲಿರಬಹುದೆಂದು ಮೆಹಜಬೀನಳಿಗೆ ಯಾರೂ ಹೇಳಿರಲಿಲ್ಲ. ಬುಟ್ಟಿಯಲ್ಲಿಟ್ಟುದನ್ನು ಕಸವೆಂದು ಚೆಲ್ಲುವವರಿರಬಹುದೆಂದು ಹುಚ್ಚಕ್ಕನಿಗೂ ಯಾರೂ ಹೇಳಿರಲಿಲ್ಲ. ಒಬ್ಬಳ ತಪ್ಪೆಂದು ಬೆರಳು ಮಾಡಲು ಅಲ್ಲಿ ಯಾರಿಗೂ ದಾರಿಯಿರಲಿಲ್ಲ.

ಸುದ್ದಿ ಬೀದಿಗೆ ಹಾರಿತು. ಮೊದಲು ಪಾಲಣ್ಣ, ಹಿಂದೆಯೇ ಜಂಬುಲಿಂಗಪ್ಪನವರು, ಅವರ ಬೆನ್ನಿಗೆ ಮಗ್ಗ ಬಿಟ್ಟೆದ್ದ ನೇಕಾರರು. ಗಡಿಯಾಚೆಯ ನೆಂಟರೊಡನೆ ಬಾಳಿದ ಪಾಲಣ್ಣನ ಬಾಯಲ್ಲಿ ಗಾಬರಿಯಾದಾಗ ತೆಲುಗು ಮೊದಲು ಬರುತ್ತಿತ್ತು.

“ಏಮೈಂದಿ ಹುಚ್ಚಕ್ಕಾ? ಏನಾತು? ನನ್ನ ಮಗಳ ಅಂಚು ಎಲ್ಲೈತೆ?”

ಮೆಹಜಬೀನ್ ತಂದೆಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟಳು.

“ಅಬ್ಬಾ, ಒಂದು ಗಲತ್ ಆಗಿ ಹೋಯ್ತು,” ಎಂದು ನಡೆದುದನ್ನು ಹೇಳಿದಳು.

ಬಾಬಾ ಜಾನರ ದನಿ ನಿಧಾನವಾಗಿ ಬಂದಿತು. “ಬೇಟಾ, ಕೈ ಎತ್ತು ಮೊದಲು. ಏನೂ ಒತ್ತಬೇಡ. ಕೆಟ್ಟ ರೇಡಿಯೊ ಬಂದಾಗ ನಾನು ಏನು ಕೇಳ್ತಿದ್ದೆ? ಕೆಡೋದಕ್ಕೆ ಮುಂಚೆ ಇಟ್ಕೊಂಡವರು ಇದನ್ನ ಹೆಂಗೆ ಬಳಸ್ತಿದ್ರು ಅಂತ. ಅದನ್ನ ಕೇಳು. ಆಮೇಲೆ ಸ್ಕ್ರೂ ಬಿಚ್ಚು.”

ಫೋನ್ ಇಟ್ಟ ಮೆಹಜಬೀನ್ ಪರದೆಯತ್ತ ತಿರುಗಿದಳು. ಆ ಕ್ಷಣವೇ ಯಂತ್ರ ತನ್ನ ಹಳೆಯ ಚಾಳಿಯನ್ನು ಮೆರೆಯಿತು. ಬುಟ್ಟಿ ಖಾಲಿಯಾದುದನ್ನು ಕಂಡು, ತುಂಬಾ ಜಾಗ ಉಳಿಸಬಹುದು, ಪತ್ರಗಳನ್ನು ಒತ್ತಿ ಅಡಕ ಮಾಡಲೇ ಎಂದು ಕೇಳಿತು. ಎಷ್ಟೋ ಕಚೇರಿಗಳಲ್ಲಿ ಎಷ್ಟೋ ಬಾರಿ ಒಪ್ಪಿದ ಅಭ್ಯಾಸ. ಅವಳ ಬೆರಳು ತಾನಾಗಿಯೇ ಒಪ್ಪಿಗೆಯ ಗುಂಡಿಯತ್ತ ಸರಿಯಿತು.

ಬೂದಿ ಹಿಡಿದು ಬಿಗಿಯಾದ ಕೈಯೊಂದು ಅವಳ ಮಣಿಕಟ್ಟನ್ನು ಹಿಡಿಯಿತು.

“ಬೇಡ ಅನ್ನು!”

“ಅಮ್ಮ, ಇದು ಸುಮ್ನೆ ಜಾಗ…”

“ಬೇಡ ಅನ್ನು ಅಂದೆ. ಈ ಮಾತಿಗೆ ನಾನು ಯಾವತ್ತೂ ಹೂಂ ಅಂದೋಳಲ್ಲ. ಹೊಸದು ಒಂದು ಗೇಣು ನೇಯೋ ತನಕ ಹಳೇದಕ್ಕೆ ಕತ್ತರಿ ಇಡಲ್ಲ ನಾವು.”

ಮೆಹಜಬೀನ್ ಬೇಡವೆಂದು ಒತ್ತಿದಳು. ತಂದೆ ಹೇಳಿದ ಪ್ರಶ್ನೆ ನೆನಪಾಯಿತು. ಮೆಲ್ಲಗೆ ತಿರುಗಿ ಹುಚ್ಚಕ್ಕನ ಮುಖ ನೋಡಿದಳು.

“ಯಾವತ್ತೂ ಅಂದ್ರೆ? ಎಂದಿಂದ ಅಮ್ಮ?”

“ಇದು ಬಂದ ದಿನದಿಂದ. ಕೇಳಿದಾಗೆಲ್ಲ ಬೇಡ ಅಂದೀನಿ. ತಪ್ಪಾತೇನವ್ವ ಅದೂ?”

“ಒಂದು ಸಲಾನೂ ಹೂಂ ಅಂದಿಲ್ವಾ? ನೆನಪು ಮಾಡ್ಕೊಂಡು ಹೇಳ್ರಿ. ಒಂದೇ ಒಂದು ಸಲಾನೂ?”

“ಇಲ್ಲ ಅಂದೆನಲ್ಲ! ನನ್ನ ಮಾತು ನಂಬಿಕೆ ಇಲ್ಲೇನು?”

ಆಗ ಮೆಹಜಬೀನ್ ಕುರ್ಚಿಯಿಂದ ಹಾರಿ ಎದ್ದು ಹುಚ್ಚಕ್ಕನನ್ನು ತಬ್ಬಿಕೊಂಡುಬಿಟ್ಟಳು. “ಯಾ ಅಲ್ಲಾ! ಲಾರಿ ಲೋಡು! ಅಮ್ಮ, ಆ ಲಾರಿ ಲೋಡಿನಾಗೆ ಇರೋದು ಅದೇ!”

ನೆರೆದವರಿಗೆ ಏನೂ ತಿಳಿಯಲಿಲ್ಲ. ಅವಳು ಮೇಜಿನ ಮೇಲೆ ಚೆಲ್ಲಿದ್ದ ಮಂಡಕ್ಕಿಯನ್ನೇ ಎರಡು ಗುಡ್ಡೆ ಮಾಡಿ ತೋರಿಸಿದಳು.

“ನೋಡ್ರಿ, ಇದು ಇನ್‌ಬಾಕ್ಸ್, ಇದು ಬುಟ್ಟಿ. ಅಮ್ಮ ಒಂದು ಪತ್ರ ಇಲ್ಲಿಂದ ಎತ್ತಿ ಅಲ್ಲಿಗೆ ಹಾಕಿದ್ರು ಅಂದ್ಕೊಳ್ರಿ. ಈ ಹಳೇ ತಂತ್ರಾಂಶ ನಿಜವಾಗ್ಲೂ ಎತ್ತಲ್ಲ. ಬುಟ್ಟಿಗೆ ಒಂದು ನಕಲು ಹಾಕಿ, ಇಲ್ಲಿರೋ ಮೂಲದ ಮೇಲೆ ‘ಇದನ್ನ ಯಾರಿಗೂ ತೋರಿಸಬೇಡ’ ಅಂತ ಒಂದು ಗುರುತು ಇಡ್ತೈತೆ, ಅಷ್ಟೇ. ಒತ್ತಿ ಅಡಕ ಮಾಡು ಅಂದಾಗ ಮಾತ್ರ ಆ ಗುರುತಿರೋದನ್ನೆಲ್ಲ ಕಿತ್ತು ಎಸೀತೈತೆ. ನಾನು ಬುಟ್ಟಿ ಗುಡ್ಡೆ ಚೆಲ್ಲಿದೆ. ಆದ್ರೆ ಇನ್‌ಬಾಕ್ಸ್ ಗುಡ್ಡೆ…”

“ಮಣ್ಣಿನ ಕೆಳಗೆ ಐತೆ,” ಎಂದಳು ಹುಚ್ಚಕ್ಕ. “ಹೂ ಕಿತ್ರೂ ಕಾಯಿ ಕೆಳಗೆ ಐತೆ.”

“ಐತೆ ಅಮ್ಮ! ಎಲ್ಲಾ ಐತೆ!”

“ಹಂಗಾರೆ ಕೀಳ್ರಿ ಬೇಗ,” ಎಂದ ಪಾಲಣ್ಣ, ಮೊದಲನೆಯ ಗುಡ್ಡೆಯಿಂದ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುತ್ತ.

“ಲೇ, ನನ್ನ ಇನ್‌ಬಾಕ್ಸ್ ತಿನ್ನಬ್ಯಾಡ!” ಎಂದು ಹುಚ್ಚಕ್ಕ ಅವನ ಕೈಗೆ ಹೊಡೆದಳು. ಸಂಘದ ಹೆಂಚು ಹಾರುವಂತೆ ನಗೆ ಎದ್ದಿತು.

ಆ ಬಳಿಕ ನಡೆದ ಕೆಲಸವನ್ನು ಬೀದಿಯ ಜನ ಇಂದಿಗೂ ವರ್ಣಿಸುತ್ತಾರೆ. ಮೆಹಜಬೀನ್ ಮೊದಲು ಆ ಭಾರಿ ಫೈಲಿನ ಒಂದು ಪ್ರತಿಯನ್ನು ಬೇರೆಡೆ ತೆಗೆದಿರಿಸಿದಳು. ಮೂಲವನ್ನು ಮುಟ್ಟದೆ ಪ್ರತಿಯನ್ನು ತೆರೆದಳು. ಅದು ಬರಿಯ ಅಕ್ಷರಗಳ ಕಡಲು. ಪ್ರತಿ ಪತ್ರದ ನೆತ್ತಿಯ ಮೇಲೂ ಒಂದು ಸಾಲು, ಆ ಸಾಲಿನಲ್ಲಿ ಅಂಕಿಗಳ ಗುರುತು. ಕಾಣುವ ಪತ್ರಕ್ಕೊಂದು ಗುರುತು, ಮರೆಯಾದುದಕ್ಕೆ ಇನ್ನೊಂದು. ಎಲ್ಲವನ್ನೂ ಒಂದೇ ಸಲಕ್ಕೆ ಬದಲಿಸಬಹುದೆಂದು ಅವಳು ಹೇಳಿದಾಗ ಹುಚ್ಚಕ್ಕ ತಡೆದಳು.

“ಮೊದಲು ಒಂದನ್ನ ಸೇರಿಸವ್ವ. ಎಳೆ ಕೂತೈತಾ ನೋಡಾಣ. ಆಮೇಲೆ ಉಳಿದದ್ದು.”

“ಸರಿ ಅಮ್ಮ. ಯಾವುದು ಹೇಳ್ರಿ.”

“ಕೇಳ್ತೀಯಲ್ಲ!”

ಅವಳು ಹುಡುಕಿ, ಶೇಂಗಾಬಳ್ಳಿಯ ಪತ್ರದ ನೆತ್ತಿಯ ಒಂದು ಅಂಕಿಯನ್ನು ತಿದ್ದಿ, ಫೈಲನ್ನು ಮುಚ್ಚಿ, ಆ ಪ್ರತಿಯನ್ನೇ ಓದುವಂತೆ ಮಾಡಿ ತಂತ್ರಾಂಶವನ್ನು ಮತ್ತೆ ತೆರೆದಳು. ಪರದೆ ಒಮ್ಮೆ ಬಿಳಿಯಾಯಿತು. ಸೀಗೆಪುಡಿಯ ಜಾಹೀರಾತು ಕಂಡಿತು. ಹಬ್ಬದ ಶುಭಾಶಯ ಕಂಡಿತು. ಅವೆರಡರ ನಡುವೆ, ಮೊನ್ನೆ ತಾನೆ ಬಂದಂತೆ, ದಪ್ಪ ಅಕ್ಷರಗಳಲ್ಲಿ ಒಂದು ಹೊಸ ಸಾಲು ಮೂಡಿ ನಿಂತಿತು.

ಮೆಹಜಬೀನ್ ಅದನ್ನು ತೆರೆಯಲಿಲ್ಲ. ಕುರ್ಚಿಯಿಂದೆದ್ದು, “ನೀವು ತೆಗೀರಿ,” ಎಂದಳು.

ಹುಚ್ಚಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ಕುಳಿತು, ಪತ್ರವನ್ನು ತೆರೆದಳು. ಚೌಕಳಿಗಳ ಮೇಲೆ ನಡುಗೆರೆ. ಗೆರೆಯ ಮೇಲೆ ಹೂ, ಕೆಳಗೆ ಕಾಯಿ. ಪಾಲಣ್ಣ ಒಂದು ಕೂಗು ಹಾಕಿದ. ಅದು ಕನ್ನಡವೂ ಅಲ್ಲ, ತೆಲುಗೂ ಅಲ್ಲ. ಕಣ್ಣೊರೆಸಿಕೊಳ್ಳುವವರು ಒರೆಸಿಕೊಂಡರು. ಬಾಗಿಲಲ್ಲಿ ನಿಂತಿದ್ದ ಹನುಮಂತರಾಜು ಹೆಂಡತಿಯತ್ತ ನೋಡಿ, “ಬರೆದೋನು ನಾನು, ಹೆಸರು ಮಾತ್ರ ಅವಳದು,” ಎಂದು ಪಕ್ಕದವನಿಗೆ ಹೇಳುವಾಗ ಅವನ ಮೀಸೆಯೂ ನಗುತ್ತಿತ್ತು.

ಮಿಕ್ಕ ಗುರುತುಗಳನ್ನೆಲ್ಲ ತಿದ್ದಿದಾಗ ಹಂಸಗಳು ಬಂದವು, ಮಾವಿನ ಮಿಡಿಗಳು ಬಂದವು, ಗೋಪುರಗಳು ಎದ್ದುನಿಂತವು, ಗಂಡುಬೇರುಂಡ ರೆಕ್ಕೆ ಬಿಚ್ಚಿತು. ಒಂದೊಂದು ತೆರೆದಾಗಲೂ ಅದನ್ನು ನೇಯ್ದವನ ಹೆಸರು ಯಾರ ಬಾಯಿಂದಲೋ ಬರುತ್ತಿತ್ತು. ಅವನು ಅಲ್ಲಿದ್ದರೆ ಮುಂದೆ ಬಂದು ಕತ್ತು ಚಾಚುತ್ತಿದ್ದ. ಮರೆತೇಹೋಗಿದ್ದ ಒಂದು ದೀಪದ ಅಂಚು ಕಂಡಾಗ ಜಂಬುಲಿಂಗಪ್ಪನವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. “ನಾನು ಮೊದಲು ನೇಯ್ದಿದ್ದು ಇದನ್ನೇ ಕಣವ್ವ,” ಎಂದರು. ಸಂಜೆಯ ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಎಲ್ಲವೂ ಹೊಸ ಕಂಪ್ಯೂಟರಿನೊಳಗೆ ಸೇರಿದ್ದವು.

ಮೆಹಜಬೀನ್ ಅಲ್ಲಿ ಒಂದು ಹೊಸ ಫೋಲ್ಡರ್ ಮಾಡಿ ಅದಕ್ಕೆ ಕನ್ನಡದಲ್ಲೇ ‘ಹುಚ್ಚಕ್ಕನ ಬುಟ್ಟಿ’ ಎಂದು ಹೆಸರು ಬರೆದಳು.

“ಇದು ನಿಮ್ಮ ಬುಟ್ಟಿ ಅಮ್ಮ. ಕೆಳಗೆ ಇನ್ನೊಂದು ಕಾಣ್ತೈತಲ್ಲ, ಅದು ಊರಿನವರ ಬುಟ್ಟಿ. ಅದರಾಗೆ ಸೀಗೆಪುಡಿ ಮಾತ್ರ ಹಾಕ್ರಿ. ಒಂದು ಪ್ರತಿ ಚಳ್ಳಕೆರೆಯಾಗೆ ನಮ್ಮ ಅಂಗಡಿ ಬೀರುವಿನಾಗೂ ಇಡ್ತೀನಿ.”

“ನೀನೂ ಒಂದು ಮಾತು ಕಲ್ತ್ಕೊ ತಾಯಿ,” ಎಂದಳು ಹುಚ್ಚಕ್ಕ. “ಇನ್ನೊಬ್ಬರ ಮನೆ ಬುಟ್ಟಿ ಚೆಲ್ಲೋಕೆ ಮುಂಚೆ ಮನೆಯಾಕಿನ ಒಂದು ಮಾತು ಕೇಳು.”

“ಸಾಯೋ ತನಕ ಕೇಳ್ತೀನಿ ಅಮ್ಮ. ಈಗ ಹಳೇದನ್ನ ತೆಗೆದು ಹಾಕ್ಲಾ?”

ಕೇಳಿದ ಮೇಲೆ ಅವಳಿಗೇ ಹೊಳೆಯಿತು. ಇಬ್ಬರೂ ಒಟ್ಟಿಗೆ, “ಬೇಡ!” ಎಂದು ನಕ್ಕರು.

ಹೊಸ ತಂತ್ರಾಂಶದಿಂದ ಹೊರಟ ಮೊದಲ ಪತ್ರ ಶೇಂಗಾಬಳ್ಳಿಯದು. ರಟ್ಟುಗಳ ಸರ ಬಸ್ಸಿನ ಪಾರ್ಸಲಿನಲ್ಲಿ ಬಂದು ಪಾಲಣ್ಣನ ಮಗ್ಗದ ಮೇಲೇರುವ ತನಕ ಎರಡು ಕಂಪ್ಯೂಟರುಗಳೂ ಸಂಘದ ಮೇಜಿನ ಮೇಲೆ ಹಳೆಯ ಹಾಸು ಹೊಸ ಹಾಸಿನಂತೆ ತಂತಿ ಬಿಗಿದುಕೊಂಡು ಕುಳಿತಿದ್ದವು. ಪಾಲಣ್ಣ ಮಗ್ಗದ ಗುಂಡಿಗಿಳಿದು ಲಾಳಿ ಎಸೆದ. ಮದುಮಗಳು ಪಕ್ಕದಲ್ಲಿ ನಿಂತಿದ್ದಳು. ಮೊದಲು ಗೆರೆ ಮೂಡಿತು, ಮೇಲೆ ಹಳದಿ ಮೂಡಿತು, ಕೆಳಗೆ ಜರಿಯ ಕಾಯಿ ತುಂಬಿಕೊಂಡಿತು.

ಹುಚ್ಚಕ್ಕ ಬಾಗಿ, ಹೆಬ್ಬೆರಳನ್ನೂ ಕಿರುಬೆರಳನ್ನೂ ಚಾಚಿ ಬಟ್ಟೆಯ ಮೇಲಿಟ್ಟಳು. ಒಂದು ಗೇಣು ಸರಿಯಾಗಿತ್ತು. ಎದ್ದು ಸಂಘಕ್ಕೆ ನಡೆದಳು. ಹಳೆಯ ಕಂಪ್ಯೂಟರಿನ ಮುಂದೆ ಕುಳಿತು, ಹಳೆಯ ತಂತ್ರಾಂಶವನ್ನು ಕಡೆಯ ಬಾರಿ ತೆರೆದಳು. ಅದು ಎಂದಿನಂತೆ ಕೇಳಿತು: ಪತ್ರಗಳನ್ನು ಒತ್ತಿ ಅಡಕ ಮಾಡಲೇ?

“ಈಗ ಮಾಡಪ್ಪ,” ಎಂದಳು ಹುಚ್ಚಕ್ಕ. ಮೊದಲ ಬಾರಿಗೆ ‘ಹೂಂ’ ಒತ್ತಿದಳು. ಅದು ಬಹಳ ಹೊತ್ತು ಗುರುಗುಟ್ಟಿ ತನ್ನ ಭಾರವನ್ನೆಲ್ಲ ಇಳಿಸಿಕೊಂಡಿತು. ಆಮೇಲೆ ಅದರ ಉಸಿರು ನಿಲ್ಲಿಸಿ, ಹಣೆಗೆ ಕುಂಕುಮವಿಟ್ಟು, ಒಗೆದ ಬಿಳಿ ಪಂಚೆಯನ್ನು ಹೊದಿಸಿದಳು.

ಗೇಣು ತುಂಬುವ ಮೊದಲು ಕತ್ತರಿಯೆತ್ತದ ಆ ಕೈಗೆ ನುಂಕೆಮಲೆಯ ಸಿದ್ಧೇಶ್ವರನು ನೋವು ತಾಗಿಸದಿರಲಿ. ಹನುಮಂತರಾಜುವಿನ ಕಣ್ಣಿನ ಬೆಳಕು ಮಾಸದಿರಲಿ, ಅವನ ಮೀಸೆಯ ನಗೆ ಬಾಡದಿರಲಿ. ಅವರ ಮಗ್ಗದ ಸದ್ದು ಮನೆಯ ಮಕ್ಕಳಿಗೂ ಮೊಮ್ಮಕ್ಕಳಿಗೂ ಜೋಗುಳವಾಗಲಿ. ಆ ಹೊಸ್ತಿಲು ದಾಟಿ ಬಂದವರು, ಚಳ್ಳಕೆರೆಯ ಮಗಳೂ ಸೇರಿ, ಉಂಡು ನಗುತ್ತ ಹಿಂದಿರುಗಲಿ. ಬಿದಿರಿನದೂ ಬೆಳಕಿನದೂ ಆದ ಹುಚ್ಚಕ್ಕನ ಎರಡು ಬುಟ್ಟಿಗಳೂ ಎಂದೆಂದಿಗೂ ತುಂಬಿರಲಿ.